‘ಟೇಕ್’ ಎಂಬ ಪದದ ಬಂಧುಬಳಗ

ಮಳೆಗಾಲದ ಒಂದು ಸಂಜೆ. ನಾಪೋಕ್ಲುವಿನ ಮನೆಯೊಂದರ ಹೊರಗೆ ಕಾಫಿಯ ತೋಟದ ಮೇಲೆ ಎಡೆಬಿಡದೆ ಮಳೆ ಸುರಿಯುತ್ತಿದೆ. ಒಳಗೆ ನಿವೃತ್ತ ಉಪಾಧ್ಯಾಯರೊಬ್ಬರು ಮೊಮ್ಮಗಳು ಬರೆದ ಅರ್ಜಿಯನ್ನು ಓದುತ್ತಿದ್ದಾರೆ. ಹುಡುಗಿ ಪದವೀಧರೆ, ಸಮೀಪದ ಶಾಲೆಯೊಂದರಲ್ಲಿ ಒಂದು ವರ್ಷ ಗಣಿತ ಕಲಿಸಿದವಳು. ಮನೆಯಲ್ಲಿಯೇ ಕುಳಿತು ಅಮೆರಿಕೆಯ ಮಕ್ಕಳಿಗೆ ಕಂಪ್ಯೂಟರಿನ ಮೂಲಕ ಪಾಠ ಹೇಳುವ ಕೆಲಸಕ್ಕಾಗಿ ಈ ಅರ್ಜಿ. ಅನುಭವವುಳ್ಳವರಿಗೆ ಮಾತ್ರ ಅವಕಾಶವೆಂದು ಪ್ರಕಟಣೆಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ. ಅವಳ ಬಳಿ ಇರುವುದು ಆ ಒಂದು ವರ್ಷದ ಅನುಭವವೇ. ಅದನ್ನು ಆಕೆ ಹೀಗೆ ಬರೆದಿದ್ದಾಳೆ: ‘ಐ ಟುಕ್ ಮ್ಯಾಥಮ್ಯಾಟಿಕ್ಸ್ ಕ್ಲಾಸಸ್ ಫಾರ್ ಒನ್ ಇಯರ್.’

“ಆ ಒಂದು ವರ್ಷ ನೀನು ಗಣಿತ ಕಲಿಸಿದೆಯೋ, ಕಲಿತೆಯೋ?” ಎಂದರು ಮುದುಕರು.

“ಇದೇನಜ್ಜ, ಗೊತ್ತಿದ್ದೂ ಕೇಳುತ್ತೀರಿ! ಕಲಿಸಿದೆ.”

“ನನಗೆ ಗೊತ್ತು ಮಗಳೇ. ಆದರೆ ಅಮೆರಿಕೆಯವರು ಇದನ್ನು ಓದಿದರೆ, ನೀನು ಒಂದು ವರ್ಷ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದೆ ಎಂದು ತಿಳಿದುಕೊಳ್ಳುತ್ತಾರೆ.”

ಹುಡುಗಿಯ ಮುಖ ಬಾಡಿತು. ಅವಳ ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ, ಕಾಗುಣಿತವೂ ತಪ್ಪಿಲ್ಲ. ಆದರೂ ಒಂದು ವರ್ಷದ ದುಡಿಮೆ ಒಂದು ಕ್ರಿಯಾಪದದಲ್ಲಿ ಕಳೆದುಹೋಗುವುದರಲ್ಲಿತ್ತು.

ನಮ್ಮ ದೇಶದಲ್ಲಿ ಮೇಷ್ಟರು ‘ಕ್ಲಾಸ್ ತೆಗೆದುಕೊಳ್ಳುತ್ತಾರೆ’. ಇಂಗ್ಲೆಂಡಿನಲ್ಲಿಯೂ ಉಪಾಧ್ಯಾಯನು ತರಗತಿಯನ್ನು ‘ಟೇಕ್’ ಮಾಡುವುದುಂಟು. ಆದರೆ ಅಮೆರಿಕೆಯಲ್ಲಿ ಕ್ಲಾಸನ್ನು ‘ಟೇಕ್’ ಮಾಡುವವನು ವಿದ್ಯಾರ್ಥಿ. ಪರೀಕ್ಷೆಯ ವಿಷಯವೂ ಹೀಗೆಯೇ. ಇಂಗ್ಲಿಷಿನಲ್ಲಿ ವಿದ್ಯಾರ್ಥಿ ಪರೀಕ್ಷೆಯನ್ನು ‘ಟೇಕ್’ ಮಾಡುತ್ತಾನೆ; ಹಿಂದಿಯಲ್ಲಿ ಅದೇ ವಿದ್ಯಾರ್ಥಿ ಪರೀಕ್ಷೆಯನ್ನು ‘ಕೊಡುತ್ತಾನೆ’. ಕನ್ನಡದ ವಿದ್ಯಾರ್ಥಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಪರೀಕ್ಷೆಗೆ ಕಟ್ಟುತ್ತಾನೆ, ಕೂಡುತ್ತಾನೆ, ಬರೆಯುತ್ತಾನೆ. ಕಷ್ಟ ಮೂವರಿಗೂ ಒಂದೇ. ಅದನ್ನು ಹೇಳುವ ಕ್ರಿಯಾಪದ ಮಾತ್ರ ಬೇರೆ.

ಇಂಗ್ಲಿಷಿನ ‘ಟೇಕ್’ ಎಂಬ ಪುಟ್ಟ ಪದಕ್ಕೆ ದೊಡ್ಡ ಬಂಧುಬಳಗವಿದೆ. ಅತಿಥಿಗೆ ‘ಟೇಕ್ ಎ ಸೀಟ್’ ಎಂದರೆ ಕುರ್ಚಿಯನ್ನು ಮನೆಗೆ ಒಯ್ಯಿರಿ ಎಂದಲ್ಲ, ಕುಳಿತುಕೊಳ್ಳಿರಿ ಎಂದು. ಅವರು ಸ್ನಾನವನ್ನು ‘ಟೇಕ್’ ಮಾಡಿದರೆ ನಾವು ಸ್ನಾನ ಮಾಡುತ್ತೇವೆ. ಅವರು ಬಸ್ಸನ್ನು ‘ಟೇಕ್’ ಮಾಡಿದರೆ ನಾವು ಬಸ್ಸು ಹತ್ತುತ್ತೇವೆ. ಅವರು ಔಷಧವನ್ನು ‘ಟೇಕ್’ ಮಾಡಿದರೆ ನಾವು ಕಷಾಯವಾದರೆ ಕುಡಿಯುತ್ತೇವೆ, ಗುಳಿಗೆಯಾದರೆ ನುಂಗುತ್ತೇವೆ. ನಾಪೋಕ್ಲುವಿನಿಂದ ಮಡಿಕೇರಿಗೆ ಹೋಗುವ ದಾರಿ ಅವರ ಮಾತಿನಲ್ಲಿ ಹೊತ್ತನ್ನು ‘ಟೇಕ್’ ಮಾಡುತ್ತದೆ. ನಮ್ಮ ಮಾತಿನಲ್ಲಿ ಹೊತ್ತು ಹಿಡಿಯುತ್ತದೆ. 1834ರಲ್ಲಿ ಕಂಪೆನಿಯವರು ಕೊಡಗನ್ನು ‘ಟೇಕ್’ ಮಾಡಿದರೆಂದರೆ, ವಶಪಡಿಸಿಕೊಂಡರೆಂದೇ ಅರ್ಥ. ಕುರ್ಚಿಗೂ ಗುಳಿಗೆಗೂ ರಾಜ್ಯಕ್ಕೂ ಒಂದೇ ಕ್ರಿಯಾಪದ!

ಇಷ್ಟು ದೊಡ್ಡ ಸಂಸಾರದ ಈ ಯಜಮಾನನು ಮೂಲತಃ ಇಂಗ್ಲಿಷಿನವನೇ ಅಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ‘ನಿಮನ್’ ಎಂಬ ಪದವಿತ್ತು. ಅದರ ಸೋದರ ಪದವಾದ ‘ನೇಮೆನ್’ ಜರ್ಮನಿಯಲ್ಲಿ ಇಂದಿಗೂ ಬಾಳುತ್ತಿದೆ. ಸ್ಕ್ಯಾಂಡಿನೇವಿಯದಿಂದ ಹಡಗೇರಿ ಬಂದು ನೆಲೆಸಿದವರ ಮಾತಿನಿಂದ ‘ಟೇಕ್’ ಇಂಗ್ಲಿಷಿಗೆ ಬಂದಿತು. ಕ್ರಮೇಣ ‘ನಿಮನ್’ ಮನೆ ಬಿಡಬೇಕಾಯಿತು.

ಇದನ್ನೆಲ್ಲ ಕೇಳಿದ ಮೊಮ್ಮಗಳು, “ಇಂಗ್ಲಿಷೇ ಹೀಗೆ ಅಜ್ಜ, ಅದಕ್ಕೊಂದು ನಿಯಮವೆಂಬುದೇ ಇಲ್ಲ” ಎಂದಳು.

“ಎದ್ದು ಬಾಗಿಲು ತೆಗೆ, ಯಾರೋ ಬಂದಂತಿದೆ” ಎಂದರು ಅಜ್ಜ. ಅವಳು ಬಾಗಿಲು ತೆರೆದಳು, ಯಾರೂ ಇರಲಿಲ್ಲ. “ಬಾಗಿಲು ತೆಗೆ ಎಂದೆ. ನೀನು ಬಾಗಿಲನ್ನು ಕಿತ್ತು ತರಲಿಲ್ಲವಲ್ಲ?” ಎಂದು ಅವರು ನಕ್ಕರು.

ನಿಜ. ನಮ್ಮ ‘ತೆಗೆ’ ಎಂಬ ಪದದ ಬಳಗವೇನು ಸಣ್ಣದೇ? ಬಾಗಿಲು ತೆಗೆದರೆ ತೆರೆಯುವುದು; ಅಂಗಿ ತೆಗೆದರೆ ಕಳಚುವುದು; ಬಾವಿ ತೆಗೆದರೆ ಅಗೆಯುವುದು; ಜಗಳ ತೆಗೆದರೆ ಆರಂಭಿಸುವುದು; ಮಾನ ತೆಗೆದರೆ ಕಳೆಯುವುದು. ಫೋಟೋ ತೆಗೆಯುವ ಒಂದು ಕೆಲಸದಲ್ಲಿ ಮಾತ್ರ ಕನ್ನಡವೂ ಇಂಗ್ಲಿಷೂ ಕೈ ಕುಲುಕುತ್ತವೆ. ಇವನ್ನು ಯಾರೂ ನಮಗೆ ಪಟ್ಟಿಮಾಡಿ ಕಲಿಸಲಿಲ್ಲ. ತಾಯ ಮಡಿಲಲ್ಲಿ ಜೋಡಿಜೋಡಿಯಾಗಿ ಕಿವಿಗೆ ಬಿದ್ದುವು, ಆದುದರಿಂದ ವಿಚಿತ್ರವೆನಿಸಲಿಲ್ಲ.

ಇನ್ನು ಹಳೆಯ ‘ಕೊಳ್’ ಎಂಬ ಧಾತು. ಇಂದು ಒಂಟಿಯಾಗಿ ನಿಂತಾಗ ಅದಕ್ಕೆ ಅಂಗಡಿಯಲ್ಲಿ ಹಣ ಕೊಟ್ಟು ತರುವುದೆಂದೇ ಅರ್ಥ. ಆದರೆ ‘ಸ್ವೀಕರಿಸು’ ಎಂಬ ಅದರ ಹಿಂದಿನ ಅರ್ಥ ನಾಮಪದಗಳ ನೆರಳಿನಲ್ಲಿ ಉಳಿದುಕೊಂಡಿದೆ. ಪಾಲ್ಗೊಳ್ಳುವುದೆಂದರೆ ಪಾಲನ್ನು ಕೊಳ್ಳುವುದು. ಕೈಗೊಳ್ಳುವುದೆಂದರೆ ಕೈಗೆ ಕೊಳ್ಳುವುದು. ಇಂಗ್ಲಿಷರು ‘ಟೇಕ್ ಪಾರ್ಟ್’ ಎನ್ನುವುದೂ ಇದನ್ನೇ. ನಮ್ಮ ಭಾಷೆಯಲ್ಲಿಯೇ ಇಂಥ ಸುಂದರ ಜೋಡಿಗಳಿರುವಾಗ ‘ಕಾಳಜಿ ತೆಗೆದುಕೊಳ್ಳಿ’, ‘ಭಾಗ ತೆಗೆದುಕೊಂಡರು’ ಎಂದು ಬರೆಯುವುದೇಕೆ? ಕನ್ನಡದ ಕಾಳಜಿಯನ್ನು ವಹಿಸಬೇಕು. ಕಾರ್ಯಕ್ರಮದಲ್ಲಿ ಭಾಗವಹಿಸಬೇಕು ಅಥವಾ ಪಾಲ್ಗೊಳ್ಳಬೇಕು. ಅಜಾಗರೂಕತೆಯಿಂದ ಇಂಗ್ಲಿಷ್ ಕೆಡುವಂತೆ ಕನ್ನಡವೂ ಕೆಡುತ್ತದೆ.

ಯಾವ ಪದ ಯಾವ ಪದದೊಡನೆ ಬಾಳುತ್ತದೆ ಎಂಬುದು ಪಂಡಿತರೂ ತಲೆಕೆಡಿಸಿಕೊಂಡ ವಿಷಯವೇ. ಜಪಾನಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಲು ಶ್ರಮಿಸಿದ ಹೆರಾಲ್ಡ್ ಪಾಮರ್ ಅವರು 1933ರಲ್ಲಿ ಟೋಕಿಯೋದಲ್ಲಿ ಇಂಥ ಪದಜೋಡಣೆಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದರು. ಅವರ ಸಹೋದ್ಯೋಗಿ ಎ. ಎಸ್. ಹಾರ್ನ್‌ಬಿ ಅವರು ಸಂಗಡಿಗರೊಡನೆ ರಚಿಸಿದ ಕಲಿಯುವವರ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಹೊರತಂದ ಮೇಲೆ ಜಗತ್ತಿಗೆಲ್ಲ ಪರಿಚಿತವಾಯಿತು. ಕನ್ನಡಕ್ಕೆ ಇಂಥ ಸೇವೆ ಇನ್ನೂ ಮೊದಲೇ ದೊರೆತಿತ್ತು. ಫರ್ಡಿನಂಡ್ ಕಿಟೆಲ್ ಅವರು 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪದದ ಅರ್ಥವಷ್ಟೇ ಅಲ್ಲ, ಅದು ಬಳಕೆಯಾಗುವ ಮಾತುಗಳೂ ಗಾದೆಗಳೂ ಸೇರಿವೆ. ಪರಭಾಷೆಯನ್ನು ಕಲಿಯುವವನಿಗೆ ಈ ನೆಂಟಸ್ತಿಕೆ ಬೇಗ ಕಣ್ಣಿಗೆ ಬೀಳುತ್ತದೆ.

ಮನೆಯಲ್ಲಿ ಮಕ್ಕಳು ಇಂಗ್ಲಿಷ್ ಕಲಿಯುತ್ತಿದ್ದರೆ ಹಿರಿಯರು ಒಂದು ಸುಲಭವಾದ ಅಭ್ಯಾಸವನ್ನು ಮಾಡಿಸಬಹುದು. ‘ಟೇಕ್ ಎಂದರೆ ತೆಗೆದುಕೊ’ ಎಂದು ಒಂಟಿ ಪದವನ್ನು ಉರುಹೊಡೆಸಬಾರದು. ಒಂದು ಪುಸ್ತಕದಲ್ಲಿ ನಾಮಪದವನ್ನು ಮೊದಲು ಬರೆದು, ಅದು ಕೈಹಿಡಿಯುವ ಕ್ರಿಯಾಪದವನ್ನು ಅದರ ಪಕ್ಕದಲ್ಲಿ ಬರೆಯಿಸಬೇಕು. ಅದೇ ಮಾತಿಗೆ ಕನ್ನಡದ ಜೋಡಿಯನ್ನು ಎದುರಿಗಿಡಬೇಕು. ‘ಈ ಕೆಲಸವನ್ನು ಮಾಡಿದವರು ಯಾರು?’ ಎಂಬ ಪ್ರಶ್ನೆಯನ್ನೂ ಕೇಳಿಸಬೇಕು. ದಿನಕ್ಕೆ ಎರಡು ಜೋಡಿ ಕಲಿತರೂ ಒಂದು ವರ್ಷಕ್ಕೆ ಏಳುನೂರಕ್ಕೂ ಹೆಚ್ಚಾಗುವುವು.

“ನಿಯಮ ಬೇಕೆಂದೆಯಲ್ಲ,” ಎಂದರು ಅಜ್ಜ. “ಪುತ್ತರಿಯ ದಿನ ನಾವು ಗದ್ದೆಯಲ್ಲಿ ಏನು ಮಾಡುತ್ತೇವೆ?”

“ಕದಿರು ತೆಗೆಯುತ್ತೇವೆ.”

“ಕತ್ತಿಯಿಂದ ಕೊಯ್ಯುವುದಲ್ಲವೇ? ಕದಿರು ಕೊಯ್ಯುತ್ತೇವೆ ಎಂದು ಏಕೆ ಹೇಳಲಿಲ್ಲ?”

ಹುಡುಗಿ ಕ್ಷಣಕಾಲ ಯೋಚಿಸಿದಳು. ಹುಣ್ಣಿಮೆಯ ಆ ರಾತ್ರಿ, ನೆರೆ ಕಟ್ಟಿದ ಮೇಲೆ, ಮನೆಮಂದಿಯೆಲ್ಲ ‘ಪೊಲಿ ಪೊಲಿ ದೇವಾ’ ಎನ್ನುತ್ತ ಮೊದಲ ತೆನೆಯನ್ನು ಮನೆಗೆ ತರುವ ದೃಶ್ಯ ಅವಳ ಕಣ್ಣ ಮುಂದೆ ಬಂದಿತು. “ಉಳಿದ ಪೈರನ್ನು ಕೊಯ್ಯುತ್ತೇವೆ, ಅಜ್ಜ. ಕದಿರನ್ನು ಮಾತ್ರ ತೆಗೆಯುತ್ತೇವೆ. ಕೊಯ್ಯುವುದೆಂದರೆ ಅದು ಹಬ್ಬವಾಗುವುದಿಲ್ಲ.”

“ಅದೇ ನೋಡು ನಿಯಮ. ನಾಮಪದವು ತನಗೆ ತಕ್ಕ ಕ್ರಿಯೆಯನ್ನು ತಾನೇ ಆರಿಸಿಕೊಳ್ಳುತ್ತದೆ.”

ಅವಳು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡು ‘ಟುಕ್ ಕ್ಲಾಸಸ್’ ಎಂಬುದನ್ನು ಹೊಡೆದುಹಾಕಿದಳು. ‘ಐ ಟಾಟ್ ಮ್ಯಾಥಮ್ಯಾಟಿಕ್ಸ್ ಫಾರ್ ಒನ್ ಇಯರ್’ ಎಂದು ಬರೆದಳು. ಆ ಒಂದು ವರ್ಷ ಮತ್ತೆ ಅವಳದಾಯಿತು.