ಮಾತಾಡೋಕೂ ದುಡ್ಡಾ?

ತಾಯಲೂರಿನಿಂದ ಬೆಳಗಿನ ಬಸ್ಸಿಗೆ ಮುಳಬಾಗಿಲು, ಅಲ್ಲಿಂದ ಬೆಂಗಳೂರು. ಡಿಗ್ರಿ ಓದುವ ನಮ್ಮ ಕೇರಿಯ ಹುಡುಗನೊಬ್ಬನನ್ನು ಕರಕೊಂಡು ಹೋಗಿದ್ದೆವು. ಆರು ತಿಂಗಳಿಂದ ನಿದ್ದೆಯಿಲ್ಲ. ಪುಸ್ತಕ ಮುಟ್ಟಿಲ್ಲ. ಯಾರಾದರೂ ಜೋರಾಗಿ ಮಾತಾಡಿದರೆ ಕೈ ನಡುಗುತ್ತೆ. ತಾಯಿ ಟೊಮೇಟೊ ತೋಟದ ಕೂಲಿ. ತಾಯತ ಕಟ್ಟಿಸಿದ್ದಾಯಿತು, ದೃಷ್ಟಿ ತೆಗೆಸಿದ್ದಾಯಿತು. ಬೆಂಗಳೂರಿನ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಹೇಳಿದರು: ಒಂದು ಸಿಟ್ಟಿಂಗಿಗೆ ಒಂದೂವರೆ ಸಾವಿರ, ಮುಕ್ಕಾಲು ಗಂಟೆ, ವಾರಕ್ಕೊಂದರಂತೆ ಎಂಟಾದರೂ ಬೇಕು. ಆ ತಾಯಿ ನಮ್ಮ ಮುಖ ನೋಡಿದರು. "ಮಾತಾಡೋಕೂ ದುಡ್ಡಾಣ್ಣಾ? ಮಾತ್ರೆನಾದ್ರೂ ಕೊಡ್ತಾರಾ?"

2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಒಂದು ಸಿಟ್ಟಿಂಗು ಅಂದರೆ ನಾಲ್ಕು ದಿನದ ಬೆವರು. ಎಂಟಕ್ಕೆ ಒಂದು ತಿಂಗಳು ದಾಟುತ್ತೆ. ಬಸ್ ಚಾರ್ಜು, ಕಳಕೊಂಡ ಕೂಲಿ ಬೇರೆ.

ಕೇಳಿಸಿಕೊಳ್ಳುವುದೂ ಒಂದು ಕಸುಬು. ಓದಿ ಕಲಿತು ಬಂದವರ ದುಡಿಮೆಗೆ ಕೂಲಿ ಕೊಡಬೇಡಿ ಎನ್ನುವ ಬಾಯಿ, ತಲೆತಲಾಂತರ ಬಿಟ್ಟಿ ಚಾಕರಿ ಮಾಡಿ ಬಂದ ನಮಗಂತೂ ಇಲ್ಲ. ನಮ್ಮ ಪ್ರಶ್ನೆ ಒಂದೇ: ಆ ಕೂಲಿಯನ್ನು ಕೊಡಬೇಕಾದವರು ಯಾರು?

ಇನ್ಶೂರೆನ್ಸ್ ಇದೆಯಲ್ಲ ಎನ್ನುತ್ತಾರೆ ಉಳ್ಳವರು. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮೈಯ ಕಾಯಿಲೆಗೆ ಯಾವ ರೀತಿ ವಿಮೆಯೋ ಮನಸ್ಸಿನ ಕಾಯಿಲೆಗೂ ಅದೇ ರೀತಿ ಎಂದು ಅದರ 21ನೇ ಕಲಂ ಹೇಳಿತು. ಕಂಪನಿಗಳು ಕಿವಿಗೆ ಹಾಕಿಕೊಂಡವೆ? 2022ರ ಅಕ್ಟೋಬರ್ 31ರೊಳಗೆ ಪಾಲಿಸಲೇಬೇಕೆಂದು ವಿಮಾ ಪ್ರಾಧಿಕಾರ ಗಡುವು ಕೊಡಬೇಕಾಯಿತು. ಈಗ ಪಾಲಿಸಿ ಕಾಗದದಲ್ಲಿ ಮನಸ್ಸಿದೆ. ಆದರೆ ಬಹುಪಾಲು ಪಾಲಿಸಿಗಳು ದುಡ್ಡು ಬಿಚ್ಚುವುದು ಆಸ್ಪತ್ರೆಗೆ ಸೇರಿದವರಿಗೆ ಮಾತ್ರ. ಮಂಚ ಹತ್ತಿದರೆ ಹಣ, ಕುರ್ಚಿಯಲ್ಲಿ ಕೂತು ಮಾತಾಡಿದರೆ ಸೊನ್ನೆ. ಬಡವರ ಆಯುಷ್ಮಾನ್ ಕಾರ್ಡೂ ಇದೇ ದಾರಿಯದು. ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷ ಎನ್ನುವ ಆ ಕಾರ್ಡಿನಿಂದ ಹುಡುಗನ ಒಂದೂವರೆ ಸಾವಿರ ಹುಟ್ಟುವುದಿಲ್ಲ. ಜ್ವರಕ್ಕೂ ಹೀಗೇ ಅಲ್ಲವೆ, ಇದೇ ಸಮಾನತೆ ಎಂದು ಕಂಪನಿಯವರು ವಾದಿಸಬಹುದು. ಮುರಿದ ಕಾಲಿಗೆ ಹಾಸಿಗೆ ಬೇಕು, ಮುರಿದ ಮನಸ್ಸಿಗೆ ಮಾತು ಬೇಕು. ಎರಡನ್ನೂ ಹಾಸಿಗೆಯಿಂದಲೇ ಅಳೆಯುವುದು ಯಾವ ಸೀಮೆ ಸಮಾನತೆ? ನೌಕರಿಯಿಂದ ಪಾಲಿಸಿ ಸಿಕ್ಕಿರುವ ಮೇಷ್ಟ್ರುಗಳೂ ಹೊರರೋಗಿಯ ಕೌನ್ಸೆಲಿಂಗ್ ಅದರಲ್ಲಿ ಸೇರಿದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಲಿ.

ಇನ್ನು ಈ ಗಾಯ ಮಾಡಿದವರು ಯಾರು? 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ನಮ್ಮದೊಂದು ಮಗು ದೇವರ ಕೋಲು ಮುಟ್ಟಿತೆಂದು ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಿ ಎಂದರು. ಮುಟ್ಟಿದ್ದಕ್ಕೂ ನಾವೇ ಕಟ್ಟಬೇಕು, ಆ ಅವಮಾನದಿಂದ ನಿದ್ದೆ ಕೆಟ್ಟರೆ ಅದರ ಫೀಜನ್ನೂ ನಾವೇ ಕಟ್ಟಬೇಕು! ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ನೊಂದವರಿಗೆ ವೈದ್ಯಕೀಯ ನೆರವು ಕೊಡಬೇಕು ಎನ್ನುತ್ತೆ. ಕೈಕಾಲಿನ ಗಾಯ ಎಣಿಸುವವರು ಮನಸ್ಸಿನ ಗಾಯವನ್ನೂ ಎಣಿಸಲಿ. ಸಿಟ್ಟಿಂಗಿನ ಖರ್ಚು ಆ ನೆರವಿನಲ್ಲೇ ಬರಬೇಕು.

ಚಳವಳಿಯವರಾದ ನಾವೂ ಸಾಚಾಗಳಲ್ಲ. ಕೂಲಿ, ಭೂಮಿ, ಹಾಸ್ಟೆಲಿಗೆ ಧರಣಿ ಕೂತೆವು. ಜೊತೆಯವನು ಮಂಕಾಗಿ ಕೂತರೆ "ಏನೋ ಹೆಂಗಸರ ಥರ" ಎಂದೆವು. ಈ ಮಾತಿನಲ್ಲಿ ಎಷ್ಟು ಕೊಳಕಿದೆ ಎಂದು ಈಗ ನಾಚಿಕೆಯಾಗುತ್ತೆ.

ಅದೇ 2017ರ ಕಾಯ್ದೆಯ 18ನೇ ಕಲಮನ್ನು ಓದಿ ಗೆಳೆಯರೇ, ಕೇರಿಯಲ್ಲಿ ಓದಿ ಹೇಳಿ. ಬಡತನದ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಸರ್ಕಾರ ನಡೆಸುವ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಪುಕ್ಕಟೆ. ಜಾತಿಯ ಭೇದ ಕೂಡದು. ದೂರ ಅಲೆಸಕೂಡದು. ಕನಿಷ್ಠ ಸೇವೆಯೂ ಜಿಲ್ಲೆಯಲ್ಲಿ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚು ಸರ್ಕಾರದ್ದು. ಇದು ಯಾರೋ ಕೈಯೆತ್ತಿ ಕೊಡುವ ದಾನವಲ್ಲ.

ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮ ತಂದಿದ್ದೇವೆ ಎನ್ನುತ್ತದೆ ಸರ್ಕಾರ. ಮಾತ್ರೆ ಚೀಟಿ ಬರೆಯೋಕೆ ಐದು ನಿಮಿಷ ಸಾಕು, ಸಾಲಿನಲ್ಲಿ ನಿಂತವರಿಗೆ ಆ ಮುಕ್ಕಾಲು ಗಂಟೆ ಎಲ್ಲಿ? 2022ರ ಅಕ್ಟೋಬರಿನಿಂದ 14416ಕ್ಕೆ ಫೋನು ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತೆ. ಮಾಡಿ, ಒಳ್ಳೆಯದೇ. ಆದರೆ ಐದು ಜನ ಮಲಗುವ ಒಂದೇ ಕೋಣೆಯಲ್ಲಿ ಯಾರು ಏನನ್ನು ಬಿಚ್ಚಿ ಹೇಳುವುದು?

ವಾರಕ್ಕೊಂದು ದಿನ ತಾಯಲೂರಿನ ಸರ್ಕಾರಿ ಆಸ್ಪತ್ರೆಯಲ್ಲೇ, ಬಾಗಿಲು ಮುಚ್ಚುವ ಒಂದು ಕೋಣೆಯಲ್ಲಿ, ನಮ್ಮ ಮನೆಯ ತೆಲುಗು ಕನ್ನಡ ಎರಡೂ ಬಲ್ಲ ಸಮಾಲೋಚಕರು ಕೂರಬೇಕು. ಹೀಗೆಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಬರೆದಿದ್ದೇವೆ. ಹುಡುಗನ ತಾಯಿಯ ಹೆಬ್ಬೆಟ್ಟು ಮೊದಲು ಬಿದ್ದಿದೆ. ನಿಮ್ಮ ಹೋಬಳಿಯಿಂದಲೂ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.