ಕೂರಿಗೆಯ ವಾದ ಒಂದೇ ಹೊಲದಲ್ಲಿ ತೀರಲಿ

ಹಿಂಗಾರಿ ಬಿತ್ತನೆ ಹತ್ತಿರ ಬಂತೆಂದರೆ ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಹಳ್ಳಿಗಳ ಕಟ್ಟೆಯ ಮೇಲೆ ಒಂದು ವಾದ ಎದ್ದೇ ಏಳುತ್ತದೆ. ಎತ್ತಿನ ಕೂರಿಗೆಯಿಂದ ಬಿತ್ತಿದ ಜೋಳ ಮೇಲೋ, ಟ್ರ್ಯಾಕ್ಟರ್ ಕೂರಿಗೆಯಿಂದ ಬಿತ್ತಿದ್ದು ಮೇಲೋ? ಒಬ್ಬರು ಹಳ್ಳದ ದಂಡೆಯ ಎರೆಹೊಲದ ರಾಶಿಯನ್ನು ಸಾಕ್ಷಿ ತೋರಿಸುತ್ತಾರೆ, ಇನ್ನೊಬ್ಬರು ದಿನ್ನೆಯ ಮಸಾರಿ ಹೊಲದ ರಾಶಿಯನ್ನು. ಯಂತ್ರ ಮಾರುವವರಂತೂ ತಮಗೆ ಬೇಕಾದ ಒಂದು ಒಳ್ಳೆಯ ಹೊಲಕ್ಕೆ ನಾಲ್ಕು ಊರಿನವರನ್ನು ಕರೆದೊಯ್ದು ತೆನೆ ತೋರಿಸುತ್ತಾರೆ. ಸಾಲ ಮಾಡಿ ಯಂತ್ರ ಕೊಂಡ ಮೇಲೆ ಇಳುವರಿ ಹೆಚ್ಚದಿದ್ದರೆ ಕಂತು ಕಟ್ಟುವವರು ನಾವೇ ಹೊರತು ಅವರಲ್ಲ.

ರೈತ ಬಾಂಧವರೇ, ಇದರಲ್ಲಿರುವ ತಪ್ಪು ಸಣ್ಣದಲ್ಲ. ಹಿಂಗಾರಿ ಜೋಳ ಬದುಕುವುದು ನೆಲದಲ್ಲಿ ಉಳಿದ ಹಸಿಯ ಮೇಲೆ. ಎರೆಯ ಆಳ ಮೊಳದಷ್ಟು ಹೆಚ್ಚಾದರೆ, ಒಡ್ಡಿನ ಬದಿಗೆ ನೀರು ನಿಂತು ಇಂಗಿದ್ದರೆ ಬೆಳೆಯ ರೂಪವೇ ಬೇರೆ. ಹೊಲ ಹೊಲಕ್ಕೆ ಇರುವ ಈ ಅಂತರದ ಮುಂದೆ ಕೂರಿಗೆ ಕೂರಿಗೆಗೆ ಇರುವ ಅಂತರ ಎಲ್ಲಿ ಕಂಡೀತು? ಆದ್ದರಿಂದ ಎರಡು ಕೂರಿಗೆಗಳನ್ನು ಎರಡು ಹೊಲಗಳಲ್ಲಿ ತೂಗಬಾರದು, ಒಂದೇ ಹೊಲವನ್ನು ಎರಡು ಪಾಲು ಮಾಡಿ ಅಲ್ಲಿಯೇ ತೂಗಬೇಕೆಂಬುದು ನಮ್ಮ ಅಭಿಪ್ರಾಯ. ಹೀಗೆ ಒಬ್ಬರ ಹೊಲದಲ್ಲಿ ಮಾಡಿದರೆ ಸಾಲದು, ಎಂಟು ಹತ್ತು ಜನರು ಮಾಡಬೇಕು. ಪ್ರತಿ ಹೊಲವೂ ಒಂದು ಜೋಡಿ.

ಜೋಡಿಗಳ ಲೆಕ್ಕಕ್ಕೆ ಒಂದು ರೀತಿಯಿದೆ. ಅದನ್ನು ಹಾಕಿಕೊಟ್ಟವನು ವಿಲಿಯಂ ಗಾಸೆಟ್. ಅವನು ಡಬ್ಲಿನ್ ಪಟ್ಟಣದ ಗಿನ್ನೆಸ್ ಮದ್ಯದ ಕಾರಖಾನೆಯಲ್ಲಿ ನೌಕರ. ಅಲ್ಲಿಗೆ ಬೇಕಾದದ್ದು ಬಾರ್ಲಿ, ಅಂದರೆ ಜವೆಗೋದಿ, ಆದ್ದರಿಂದ ಬೆಳೆಯ ಲೆಕ್ಕ ಅವನಿಗೆ ಅನ್ನದ ಲೆಕ್ಕವೇ ಆಗಿತ್ತು. ಕಾರಖಾನೆಯವರು ಸ್ವಂತ ಹೆಸರಿನಲ್ಲಿ ಬರೆಯಗೊಡದ್ದರಿಂದ 1908ರಲ್ಲಿ ‘ಸ್ಟೂಡೆಂಟ್’, ಎಂದರೆ ‘ವಿದ್ಯಾರ್ಥಿ’, ಎಂಬ ಹೆಸರಿನಿಂದ ತನ್ನ ಲೇಖನವನ್ನು ಅಚ್ಚು ಹಾಕಿಸಿದನು. ಮಾಸ್ತರಿಕೆಯ ನಮಗೆ ಈ ಹೆಸರು ಬಹಳ ಹಿಡಿಸಿದೆ.

ಅವನು ಆ ಲೇಖನದಲ್ಲಿ ಕೊಟ್ಟ ಒಂದು ಉದಾಹರಣೆ ನಮ್ಮ ವಾದಕ್ಕೆ ನೇರವಾಗಿ ಹೊಂದುತ್ತದೆ. ಜವೆಗೋದಿಯ ಬೀಜವನ್ನು ಬಿತ್ತುವ ಮೊದಲು ಭಟ್ಟಿಯ ಕಾವಿನಲ್ಲಿ ಒಣಗಿಸಿದರೆ ಲಾಭವುಂಟೇ ಎಂಬುದು ಪ್ರಶ್ನೆ. 1899ರಲ್ಲಿ ಏಳು ತಳಿಗಳನ್ನು, 1900ರಲ್ಲಿ ನಾಲ್ಕನ್ನು, ಪ್ರತಿಯೊಂದನ್ನೂ ಒಣಗಿಸಿ ಒಂದು ಪಾಲು, ಒಣಗಿಸದೆ ಒಂದು ಪಾಲು ಬಿತ್ತಿದ್ದರು. ಒಟ್ಟು ಹನ್ನೊಂದು ಜೋಡಿಗಳಾದವು. ಒಣಗಿಸಿದ ಪಾಲಿನಿಂದ ಒಣಗಿಸದ ಪಾಲನ್ನು ಕಳೆದರೆ ಎಕರೆಗೆ ಇಷ್ಟಿಷ್ಟು ಪೌಂಡು ಬಂತು: 106 ಹೆಚ್ಚು, 20 ಕಡಿಮೆ, 101 ಹೆಚ್ಚು, 33 ಕಡಿಮೆ, 72 ಹೆಚ್ಚು, 36 ಕಡಿಮೆ, 62 ಹೆಚ್ಚು, 38 ಹೆಚ್ಚು, 70 ಕಡಿಮೆ, 127 ಹೆಚ್ಚು, 24 ಹೆಚ್ಚು. ಏಳು ಕಡೆ ಗೆಲುವು, ನಾಲ್ಕು ಕಡೆ ಸೋಲು. ಸರಾಸರಿ ತೆಗೆದರೆ ಎಕರೆಗೆ 34 ಪೌಂಡು, ಅಂದರೆ ಸುಮಾರು 15 ಕಿಲೋ ಹೆಚ್ಚು. ಕಟ್ಟೆಯ ಮೇಲಿನ ವಾದವಾಗಿದ್ದರೆ ಇಷ್ಟಕ್ಕೇ ಭಟ್ಟಿಯವನು ಗೆದ್ದಂತೆ!

ಆದರೆ ಮುಂದಿನ ಹೆಜ್ಜೆ ಉಳಿದಿದೆ. ಪ್ರತಿ ಅಂತರವೂ ಈ ಸರಾಸರಿಯಿಂದ ಎಷ್ಟು ದೂರ ಬಿತ್ತೆಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿ, ಜೋಡಿಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ, ಎಂದರೆ 10ರಿಂದ, ಭಾಗಿಸಿ ವರ್ಗಮೂಲ ತೆಗೆಯಬೇಕು. 66 ಬರುತ್ತದೆ. ಅದನ್ನು ಜೋಡಿಗಳ ಸಂಖ್ಯೆಯಾದ 11ರ ವರ್ಗಮೂಲದಿಂದ ಭಾಗಿಸಿದರೆ 20. ಸರಾಸರಿಯನ್ನು ಈ 20ರಿಂದ ಭಾಗಿಸಿದರೆ 1.69. ಇದೇ ‘ಟಿ’ ಎಂಬ ಸಂಖ್ಯೆ. ವರ್ಗಮೂಲ ಕಲಿತ ಎಂಟನೆಯ ಇಯತ್ತೆಯ ಹುಡುಗ ಹುಡುಗಿಯರು ಇದನ್ನು ಪಾಟಿಯ ಮೇಲೆ ಮಾಡಬಲ್ಲರು. ಮನೆಯಲ್ಲಿ ಅಂಥವರಿದ್ದರೆ ಅವರಿಂದಲೇ ಮಾಡಿಸಿರಿ.

ಎರಡರಲ್ಲಿ ನಿಜವಾಗಿ ಯಾವ ಭೇದವೂ ಇಲ್ಲದಿದ್ದರೂ ಬರಿಯ ದೈವಯೋಗದಿಂದ ಸ್ವಲ್ಪ ಅಂತರ ಬಂದೇ ಬರುತ್ತದೆ. ಹನ್ನೊಂದು ಜೋಡಿಗಳಲ್ಲಿ ಟಿ 2.23ನ್ನು ಮೀರುವುದು, ಈ ಕಡೆಗಾಗಲಿ ಆ ಕಡೆಗಾಗಲಿ, ಹಾಗೆ ನೂರಕ್ಕೆ ಐದೇ ಸಲ. ಹತ್ತು ಜೋಡಿಗಳಿದ್ದರೆ ಈ ಮಿತಿ 2.26, ಐದೇ ಇದ್ದರೆ 2.78. ಭಟ್ಟಿಯ ಲೆಕ್ಕ 1.69ಕ್ಕೇ ನಿಂತಿತು. ಅಂದರೆ ಭಟ್ಟಿಯಿಂದ ಲಾಭವಿಲ್ಲವೆಂದು ಸಿದ್ಧವಾಯಿತೇ? ಇಲ್ಲ. ಲಾಭವಿದೆಯೆಂದು ಹೇಳಲು ಇಷ್ಟು ಸಾಕ್ಷಿ ಸಾಲದು ಎಂದಾಯಿತು, ಅಷ್ಟೇ. ಈ ಎರಡು ಮಾತುಗಳನ್ನು ಕಲಿತವರೂ ಒಂದೇ ಎಂದು ಹಿಡಿಯುತ್ತಾರೆ.

ಜೋಡಿ ಮಾಡಿದ್ದರ ಬೆಲೆಯನ್ನೂ ಈ ಲೆಕ್ಕದಲ್ಲಿಯೇ ಕಾಣಬಹುದು. ಒಣಗಿಸದ ಪಾಲುಗಳಲ್ಲಿ ಇಳುವರಿ 1316 ಪೌಂಡಿನಿಂದ 2496ರ ವರೆಗೆ ಏರಿಳಿದಿತ್ತು. ಜೋಡಿಗಳನ್ನು ಮುರಿದು ಎರಡು ಗುಂಪುಗಳೆಂದು ಎಣಿಸಿದ್ದರೆ ಮೇಲಿನ 20ರ ಜಾಗದಲ್ಲಿ 144 ಬರುತ್ತಿತ್ತು. ಏಳು ಪಟ್ಟು ಮಸುಕು!

ಈಗ ನಮ್ಮ ಕೂರಿಗೆಗೆ ಬರೋಣ. ಹೊಲದ ಎರಡೂ ಪಾಲಿಗೆ ಒಂದೇ ಚೀಲದ ಬೀಜ, ಮಾಲದಂಡಿಯಾದರೆ ಎರಡೂ ಕಡೆ ಮಾಲದಂಡಿ. ಒಂದೇ ದಿನ ಬಿತ್ತಬೇಕು. ಗೊಬ್ಬರ, ಎಡೆ ಹೊಡೆಯುವುದು ಎಲ್ಲವೂ ಸಮನಾಗಿರಬೇಕು. ಯಾವ ಪಾಲಿಗೆ ಯಾವ ಕೂರಿಗೆ ಎಂಬುದನ್ನು ರೂಪಾಯಿ ಚಿಮ್ಮಿ ನಿರ್ಧರಿಸಿರಿ, ಗೌಡರ ಮಾತಿನ ಮೇಲೂ ಬೇಡ, ಯಂತ್ರ ತಂದವರ ಮಾತಿನ ಮೇಲೆ ಮೊದಲೇ ಬೇಡ. ಇಲ್ಲವಾದರೆ ಒಡ್ಡಿನ ಬದಿಯ ಹಸಿ ನೆಲವೆಲ್ಲ ಹೊಸ ಕೂರಿಗೆಯ ಪಾಲಿಗೇ ಹೋದೀತು. ಬದುವಿನ ಅಂಚಿನ ಎರಡೆರಡು ಸಾಲು ಬಿಟ್ಟು, ಎರಡೂ ಪಾಲಿನಲ್ಲಿ ಸಮನಾದ ಜಾಗ ಅಳೆದು ಕೊಯ್ಯಿರಿ. ಬೇರೆ ಬೇರೆ ರಾಶಿ ಮಾಡಿ ತಕ್ಕಡಿಯಲ್ಲಿ ತೂಗಿರಿ. ಚೀಲದ ಎಣಿಕೆ ತೂಕವಲ್ಲ. ಸೋತ ಹೊಲದ ಲೆಕ್ಕವನ್ನು ಪಟ್ಟಿಯಿಂದ ಬಿಡಬೇಡಿರಿ, ಮಾಡಿದ ಕೆಲಸವೆಲ್ಲ ಅಲ್ಲಿಯೇ ಕೆಡುತ್ತದೆ.

ಇದರಿಂದ ನಾವು ಯಂತ್ರಕ್ಕೆ ವೈರಿಗಳೆಂದು ತಿಳಿಯಬಾರದು. ಎತ್ತು ಸಾಕುವುದು ಕಷ್ಟವಾಗಿದೆ, ಹಸಿ ಆರುವುದರೊಳಗೆ ಬಿತ್ತಿ ಮುಗಿಸಬೇಕಾದವರಿಗೆ ಟ್ರ್ಯಾಕ್ಟರ್ ಕೂರಿಗೆ ದೊಡ್ಡ ಆಸರೆ. ಆ ಕಾರಣಕ್ಕಾಗಿ ಕೊಳ್ಳುವವರು ಆ ಕಾರಣವನ್ನೇ ಹೇಳಿ ಕೊಳ್ಳಲಿ. ಆದರೆ ‘ಇಳುವರಿ ಹೆಚ್ಚುತ್ತದೆ’ ಎಂಬ ಮಾತಿನ ಮೇಲೆ ಸಾಲ ಎತ್ತುವುದಿದ್ದರೆ ಮೊದಲು ಹತ್ತು ಜೋಡಿಯ ಪಟ್ಟಿ ಕೈಯಲ್ಲಿರಲಿ. ಟಿ ಮಿತಿಯನ್ನು ಮುಟ್ಟದಿದ್ದರೆ ಒಂದು ವರ್ಷ ಬಾಡಿಗೆಗೆ ತಂದು ಮತ್ತೊಮ್ಮೆ ನೋಡಿರಿ. ಮಿತಿ ಮೀರಿದರೂ, ಎಕರೆಗೆ ಬಂದ ಹೆಚ್ಚಿನ ಕಾಳು ವರ್ಷದ ಕಂತಿಗೆ ಸಾಲುತ್ತದೆಯೇ ಎಂಬುದು ಬೇರೆ ಲೆಕ್ಕ.

ಪಟ್ಟಿಯಲ್ಲಿ ಕಣಿಕೆಗೆ ಇನ್ನೊಂದು ಖಾನೆ ಎಳೆಯಲು ಮರೆಯಬಾರದು. ನಮ್ಮ ಕಡೆ ಮೇವಿಲ್ಲದ ವರ್ಷ ಕಾಳಿಗಿಂತ ಕಣಿಕೆಗೇ ಹೆಚ್ಚು ಗಿರಾಕಿ. ಕಾಳಿನಲ್ಲಿ ಗೆದ್ದ ಕೂರಿಗೆ ಕಣಿಕೆಯಲ್ಲಿಯೂ ಗೆದ್ದೇ ಗೆಲ್ಲುವುದೆಂದು ಹೇಳಲಾಗದು. ಅದಕ್ಕೂ ಪ್ರತ್ಯೇಕವಾಗಿ ಕಳೆದು, ಪ್ರತ್ಯೇಕವಾಗಿಯೇ ಟಿ ತೆಗೆಯಬೇಕು.