ಶಿಕ್ಷೆ ಪುಸ್ತಕ ತೆಗೆದು ತೋರಿಸ್ರಿ



2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರ ಜೈಲಿಂದ ಒಂದು ಫೋಟೋ ಬಂತು. ನಟ ದರ್ಶನ್ ಕೈಲಿ ಸಿಗರೇಟು, ಮಗ್ಗು, ಕೂರೋಕೆ ಕುರ್ಚಿ. ನಾಡೆಲ್ಲ ಗದ್ದಲ. ಅಧಿಕಾರಿಗಳು ಅಮಾನತು, ದರ್ಶನ್ ಬಳ್ಳಾರಿಗೆ. ಅದಕ್ಕೂ ಮೊದಲು, 2017ರಲ್ಲಿ, ಅದೇ ಜೈಲಲ್ಲಿ ಶಶಿಕಲಾಗೆ ಪ್ರತ್ಯೇಕ ಅಡುಗೆಮನೆ ಇದೆ ಅಂತ ವರದಿ ಕೊಟ್ಟ ಡಿಐಜಿ ರೂಪಾ ಅವರನ್ನೇ ಎತ್ತಂಗಡಿ ಮಾಡಿದ್ರು. ಜೈಲಿನ ಶಿಸ್ತು ಅಂದ್ರೆ ನಮ್ಮ ಟಿವಿಯವರಿಗೆ ಇಷ್ಟೇ.

ಫೋಟೋ ಇಲ್ಲದವರ ಕತೆ ಏನು?

1894ರ ಕಾರಾಗೃಹ ಕಾಯ್ದೆ ತೆಗೆದು ಓದಿ. ಬ್ರಿಟಿಷರದ್ದು, ಇನ್ನೂ ಎಷ್ಟೋ ರಾಜ್ಯಗಳಲ್ಲಿ ಜೀವಂತ. 45ನೇ ಸೆಕ್ಷನ್ ಪ್ರಕಾರ ಹಟ ಹಿಡಿದು ಕೆಲಸ ಮಾಡಲ್ಲ ಅನ್ನೋದೂ ಜೈಲಿನೊಳಗಿನ ಅಪರಾಧ. ಅದಕ್ಕೆ 46ರಲ್ಲಿ ಶಿಕ್ಷೆ: ಶಿಕ್ಷೆ ಮಾಫಿ ಕಡಿತ, ಒಂಟಿ ಕೋಣೆ, ಬೇಡಿ, 30ರವರೆಗೆ ಛಡಿಯೇಟು ಕೂಡ ಬರೆದಿಟ್ಟಿದ್ದಾರೆ.

ಈಗ ಪಕ್ಕದಲ್ಲಿ ಉತ್ತರ ಪ್ರದೇಶದ ಜೈಲು ಕೈಪಿಡಿ ಇಟ್ಟು ನೋಡಿ. ಹೀನ ಅನ್ನೋ ಕೆಲಸವನ್ನ, ಅದು ರೂಢಿಯಿರೋ ಸಮುದಾಯದವನಲ್ಲದಿದ್ರೆ ಕೈದಿಗೆ ಹೇಳಬಾರದು ಅಂತಿತ್ತು. ಅಂದ್ರೆ ಮೇಲ್ಜಾತಿಯವನು ಕಕ್ಕಸು ತೊಳೆಯಲ್ಲ ಅಂದ್ರೆ ಅದು ಅವನ ಹಕ್ಕು. ನಮ್ಮ ಹುಡುಗ ಅದೇ ಮಾತು ಅಂದ್ರೆ ಶಿಸ್ತು ಉಲ್ಲಂಘನೆ! ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋಗಿ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಇಂಥ ನಿಯಮಗಳನ್ನ ರದ್ದು ಮಾಡ್ತು. ಸಂವಿಧಾನ ಬಂದು 74 ವರ್ಷಕ್ಕೆ.

ಕಾಗದದಿಂದ ಹೋಯ್ತು, ಸರಿ. ಪೊರಕೆ ಯಾರ ಕೈಲಿದೆ?

ದೂರು ಹೇಳೋರು ಜೈಲು ಸಿಬ್ಬಂದಿ, ವಿಚಾರಣೆ ಮಾಡೋರು ಸೂಪರಿಂಟೆಂಡೆಂಟ್, ಶಿಕ್ಷೆ ಕೊಡೋರೂ ಅವರೇ. ವಕೀಲ ಇಲ್ಲ. ಒಂಟಿ ಕೋಣೆಯಂಥ ಶಿಕ್ಷೆಗೆ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಿದ್ರೆ 2 ದಿನದೊಳಗೆ ತಿಳಿಸಬೇಕು ಅಂತ ಸುನಿಲ್ ಬಾತ್ರಾ ಕೇಸಲ್ಲಿ ಕೋರ್ಟ್ 1979ರಲ್ಲೇ ಹೇಳಿದೆ. ಎಷ್ಟು ಜೈಲರುಗಳು ಆ ಕಾಗದ ಕಳಿಸಿದ್ದಾರೆ?

ನಾನು ಗುಮಾಸ್ತ. ರಿಜಿಸ್ಟರ್‌ನಲ್ಲಿ ಏನು ಬರೀತಾರೆ, ಏನು ಬಿಡ್ತಾರೆ ಅಂತ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಅದೇ 1894ರ ಕಾಯ್ದೆಯ 12ನೇ ಸೆಕ್ಷನ್ ಸೂಪರಿಂಟೆಂಡೆಂಟ್ ಒಂದು ‘ಶಿಕ್ಷೆ ಪುಸ್ತಕ’ ಇಡಬೇಕು ಅನ್ನುತ್ತೆ. ಕರ್ನಾಟಕಕ್ಕೆ 1963ರ ತನ್ನದೇ ಕಾಯ್ದೆ ಇದೆ, ಗೊತ್ತು. ಶಿಕ್ಷೆ ಕೊಟ್ಟಿದ್ದಕ್ಕೆ ದಾಖಲೆ ಇಲ್ಲೂ ಇರಲೇಬೇಕಲ್ಲ ಸ್ವಾಮಿ?

ಸೋಮವಾರ ನಮ್ಮ ಜಿಲ್ಲಾ ಜೈಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ತಿದ್ದೀನಿ. ಮೂರು ವರ್ಷದ ಶಿಕ್ಷೆ ದಾಖಲೆ, ಹೆಸರು ಬೇಡ: ಯಾವ ತಪ್ಪು, ಯಾವ ಶಿಕ್ಷೆ, ಯಾವ ವರ್ಗ, ನ್ಯಾಯಾಧೀಶರಿಗೆ ತಿಳಿಸಿದ ದಿನಾಂಕ. ನಿಮ್ಮ ಜಿಲ್ಲೇಲಿ ಹಾಕೋರು ಕಾಮೆಂಟ್ ಮಾಡಿ, ಅರ್ಜಿ ನಮೂನೆ ಕಳಿಸ್ತೀನಿ. ಶುಲ್ಕ 10 ರೂಪಾಯಿ ಅಷ್ಟೇ.